ಅರಸನನ್ನು ಆರಿಸುವ ನೆಲ

ಐದು ಮಂದಿ ಅಣ್ಣತಮ್ಮಂದಿರು ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪಿಸಿಕೊಂಡಿದ್ದಾರೆ. ಬೆಂಕಿ ಹಾಕಿ ಮಾಂಸ ಸುಟ್ಟು ತಿಂದದ್ದಾಯಿತು. ಈಗ ಗಂಟಲು ಒಣಗುತ್ತಿದೆ. ನೀರು ಹುಡುಕಿಕೊಂಡು ಮೊದಲು ಹೊರಟವನು ಫರ್ಗಸ್. ಬಾವಿಯೇನೋ ಸಿಕ್ಕಿತು, ಆದರೆ ಅದರ ಕಾವಲಿಗೆ ಒಬ್ಬ ಮುದುಕಿ ಕೂತಿದ್ದಾಳೆ. ಇದ್ದಿಲಿನಂಥ ಮೈ, ಕುದುರೆ ಬಾಲದ ಹಾಗೆ ಒರಟು ನರೆಗೂದಲು, ಸೊಟ್ಟ ಮೂಗು, ಓಕ್ ಮರದ ಹಸಿ ಕೊಂಬೆಯನ್ನೂ ಕಡಿದು ಹಾಕಬಲ್ಲ ಹಸಿರುಗಟ್ಟಿದ ಹಲ್ಲು. ನೀರು ಬೇಕಾದರೆ ತನಗೊಂದು ಮುತ್ತು ಕೊಡಬೇಕು ಎಂದಳು. ಬಾಯಾರಿ ಸತ್ತರೂ ಸರಿ, ಅದಾಗದು ಎಂದು ಫರ್ಗಸ್ ಬರಿಗೈಲಿ ಮರಳಿದ. ಐಲಿಲ್ ಬಂದ, ಬ್ರಯನ್ ಬಂದ. ಅವರದೂ ಅದೇ ಮಾತು. ಫಿಯಾಕ್ರಾ ತುಟಿ ಸೋಕಿಸಿದಂತೆ ಮಾಡಿ ಹಿಂದೆ ಸರಿದ. ಅಷ್ಟಕ್ಕೇ ಅವನ ವಂಶದ ಇಬ್ಬರಿಗೆ ಮುಂದೆ ಗದ್ದುಗೆ ಸಿಕ್ಕಿತೆನ್ನುತ್ತದೆ ಕಥೆ.

ಕಡೆಗೆ ಬಂದವನು ನಿಯಾಲ್. ಮುತ್ತೇನು, ನಿನ್ನ ಜೊತೆ ಮಲಗುತ್ತೇನೆ ಎಂದು ಅವಳನ್ನು ತಬ್ಬಿಕೊಂಡ. ತಲೆಯೆತ್ತಿ ನೋಡಿದರೆ ಎದುರಿಗೆ ಮುದುಕಿಯಿಲ್ಲ. ಹಿಮದಂತೆ ಬೆಳ್ಳಗಿನ ಹರೆಯದ ಹೆಣ್ಣು, ಮೈಮೇಲೆ ಕೆನ್ನೇರಿಳೆ ಬಣ್ಣದ ಮೇಲುಹೊದಿಕೆ, ಕಾಲಿಗೆ ಕಂಚಿನ ಪಾದರಕ್ಷೆ. ನೀನು ಯಾರು ಎಂದು ಕೇಳಿದ. ತಾನು ಈ ನಾಡಿನ ಅರಸೊತ್ತಿಗೆ ಎಂದಳು. ಮೊದಲ ನೋಟಕ್ಕೆ ನನ್ನನ್ನು ಕಂಡು ಹೇಸುತ್ತಾರೆ, ಕಡೆಗೆ ನಾನು ಚೆಲುವೆ. ಅರಸುತನವೂ ಹಾಗೆಯೇ ಎಂದು ಬಿಡಿಸಿ ಹೇಳಿದಳು. ಇನ್ನೊಂದು ಬುದ್ಧಿಮಾತನ್ನೂ ಸೇರಿಸಿದಳು: ನಿನ್ನನ್ನು ಹಿರಿಯನೆಂದು ಒಪ್ಪುವ ತನಕ ಅಣ್ಣಂದಿರಿಗೆ ಒಂದು ಹನಿ ನೀರನ್ನೂ ಕೊಡಬೇಡ.

ಈ ನಿಯಾಲ್ ಐರ್ಲೆಂಡಿನ ಐತಿಹ್ಯದಲ್ಲಿ 'ಒಂಬತ್ತು ಒತ್ತೆಯಾಳುಗಳ ನಿಯಾಲ್' ಎಂದು ಹೆಸರಾದವನು. ಶತಮಾನಗಳ ಕಾಲ ಅಲ್ಲಿ ಆಳಿದ 'ಈ ನೀಲ್' ಎಂಬ ಮನೆತನದ ಮೂಲಪುರುಷ. ಅವನ ತಾಯಿ ಕೈರೆನ್‌ಳನ್ನು ಮಲತಾಯಿ ಮೊಂಗ್‌ಫಿಂಡ್ ತೊತ್ತಿನಂತೆ ದುಡಿಸಿದ್ದಳು. ಟಾರಾದ ಅರಮನೆಗೆಲ್ಲ ಬಾವಿಯಿಂದ ನೀರು ಹೊರುವುದು ಅವಳ ಪಾಲಿಗೆ ಬಂದ ಕೆಲಸ. ತುಂಬು ಬಸುರಿನಲ್ಲೂ ಕೊಡ ಇಳಿಸಲಿಲ್ಲ. ನೀರು ತರುವ ದಾರಿಯಲ್ಲೇ ಮಗನನ್ನು ಹೆತ್ತಳು. ಈ ಕಥೆಯನ್ನು ಮತ್ತೆ ಮತ್ತೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಮಾಂತ್ರಿಕ ಚೆಲುವೆಯಲ್ಲ, ಈ ಕೊಡ. ನೀರು ಹೊತ್ತವಳ ಮಗನಿಗೆ ಬಾವಿಕಟ್ಟೆಯಲ್ಲೇ ರಾಜ್ಯ ಸಿಕ್ಕಿತು.

ವೀರಭೋಗ್ಯಾ ವಸುಂಧರಾ ಎಂಬ ಮಾತು ಕೇಳಿ ಬೆಳೆದವರು ನಾವು. ಶೂರನಾದವನು ಗೆಲ್ಲುತ್ತಾನೆ, ಭೂಮಿ ಅವನದಾಗುತ್ತದೆ. ಐರಿಷ್ ಕಥೆಗಾರರು ಕಟ್ಟಿದ ಲೋಕದಲ್ಲಿ ಬರಿಯ ಗೆಲುವು ಸಾಲದು. ಅಲ್ಲಿ ನೆಲ ಹೆಣ್ಣಾಗಿ ಎದುರು ಬರುತ್ತದೆ, ಪರೀಕ್ಷೆ ಮಾಡುತ್ತದೆ, ಒಪ್ಪುತ್ತದೆ ಅಥವಾ ಒಲ್ಲೆನೆನ್ನುತ್ತದೆ. ಪಟ್ಟಾಭಿಷೇಕಕ್ಕೆ ಅವರಿಟ್ಟ ಹಳೆಯ ಹೆಸರೇ 'ಅರಸುತನದ ಮದುವೆಯೂಟ' ಎಂಬ ಅರ್ಥದ್ದು. ಟಾರಾ ಗುಡ್ಡದ ಮೇಲೆ ನಡೆಯುತ್ತಿದ್ದ ಆ ಉತ್ಸವವನ್ನು ಫೆಶ್ ಎನ್ನುತ್ತಿದ್ದರು. ಈಗಿನ ಐರಿಷ್‌ನಲ್ಲಿ ಅದಕ್ಕೆ ಹಬ್ಬವೆಂದು ಅರ್ಥ. ಆದರೆ ಪದದ ಬೇರು 'ರಾತ್ರಿ ಕಳೆ, ಜೊತೆಯಲ್ಲಿ ಮಲಗು' ಎಂಬ ಕ್ರಿಯಾಪದ. 6ನೆಯ ಶತಮಾನದ ನಡುವೆ ಡರ್ಮಟ್ ಮಕ್ ಕೆರ್ಬಲ್ ಎಂಬ ಅರಸ ಅದನ್ನು ಕೊನೆಯದಾಗಿ ಆಚರಿಸಿದನೆಂದು ಅಲ್ಲಿನ ವಾರ್ಷಿಕ ದಾಖಲೆಗಳು ಹೇಳುತ್ತವೆ. ಆ ಹೊತ್ತಿಗಾಗಲೇ ನಾಡಿಗೆ ಕ್ರೈಸ್ತಧರ್ಮ ಬಂದು ನೂರು ವರ್ಷ ಕಳೆದಿತ್ತು.

ಮೀದ್ ಸೀಮೆಯ ಟಾರಾ ನೋಡಲು ದೊಡ್ಡ ಗುಡ್ಡವೇನಲ್ಲ, ಸಮುದ್ರಮಟ್ಟದಿಂದ ಸುಮಾರು 155 ಮೀಟರ್. ಕೋಟೆಯಿಲ್ಲ, ಕೊತ್ತಲವಿಲ್ಲ, ಹುಲ್ಲು ಹೊದ್ದ ದಿಬ್ಬಗಳು, ಉಂಗುರದಂಥ ಅಗಳುಗಳು, ಮೇಯುವ ಕುರಿಗಳು. ಒಂದು ದಿಬ್ಬದ ಒಳಗೆ 5,000 ವರ್ಷಕ್ಕೂ ಹಳೆಯ ಸಮಾಧಿ. ಇನ್ನೊಂದರ ನೆತ್ತಿಯಲ್ಲಿ ಲಿಯಾ ಫಾಲ್ ಎಂಬ ಬೂದು ಕಲ್ಲುಕಂಬ. ನಿಜವಾದ ಅರಸ ತಾಗಿದರೆ ಈ ಕಲ್ಲು ಕೂಗುತ್ತಿತ್ತಂತೆ. ಅಂದರೆ ಹೆಣ್ಣು ಮಾತ್ರವಲ್ಲ, ಅಲ್ಲಿ ಕಲ್ಲಿಗೂ ಒಂದು ಮತವಿತ್ತು.

ಮೇವ್ ಎಂಬ ರಾಣಿಯ ಹೆಸರಿಗೂ ಇದೇ ನಂಟು. ಪಶ್ಚಿಮದ ಕೊನಾಕ್ಟ್ ಸೀಮೆಯ ಒಡತಿ ಅವಳು, ಕ್ರೂಆಹನ್ ಅವಳ ರಾಜಧಾನಿ. ಹೆಸರಿನ ಅರ್ಥ ಮತ್ತೇರಿಸುವವಳು. ಅದರ ಬೇರೂ ನಮ್ಮ 'ಮಧು'ವಿನ ಬೇರೂ ಒಂದೇ. ಪಟ್ಟಕ್ಕೇರುವವನಿಗೆ ನಾಡೊಡತಿ ಬಟ್ಟಲು ತುಂಬಿ ಕೊಡುವ ಜೇನಿನ ಮದ್ಯ ಆ ಹೆಸರಿನೊಳಗೇ ಇದೆ. ಗಂಡನಾಗುವವನಿಗೆ ಅವಳು ಹಾಕಿದ ಷರತ್ತು ಮೂರು: ಜಿಪುಣತನ ಇರಬಾರದು, ಅಂಜಿಕೆ ಇರಬಾರದು, ಹೊಟ್ಟೆಕಿಚ್ಚು ಇರಬಾರದು. ಹೆಂಡತಿಯೊಬ್ಬಳು ಗಂಡನಲ್ಲಿ ಹುಡುಕುವ ಗುಣಗಳೆಂದು ಮೇಲ್ನೋಟಕ್ಕೆ ಕಂಡರೂ ಒಂದು ನಾಡು ತನ್ನನ್ನು ಆಳುವವನಲ್ಲಿ ಹುಡುಕಬೇಕಾದವೂ ಇವೇ. ಗಂಡ ಐಲಿಲ್‌ನಲ್ಲಿ (ನಿಯಾಲ್‌ನ ಅಣ್ಣನಲ್ಲ, ಬೇರೊಬ್ಬ) ಇವನ್ನೆಲ್ಲ ಕಂಡೇ ಅವಳು ಕೈಹಿಡಿದದ್ದು. ಮುಂದೆ ಒಂದು ರಾತ್ರಿ ಹಾಸಿಗೆಯಲ್ಲಿ ಯಾರ ಆಸ್ತಿ ಹೆಚ್ಚು ಎಂಬ ಮಾತು ಬಂದು, ಪಾತ್ರೆ ಪಡಗ, ಒಡವೆ, ಕುರಿಮಂದೆ ಎಲ್ಲ ಎಣಿಸಿ, ಗಂಡನ ಕಡೆ ಒಂದು ಬಿಳಿಗೋಡಿನ ಹೋರಿ ಹೆಚ್ಚಾಗಿ ಕಂಡು, ಅದಕ್ಕೆ ಸಮನಾದ ಹೋರಿಗಾಗಿ ಅಲ್‌ಸ್ಟರ್ ಸೀಮೆಯ ಮೇಲೆ ಮೇವ್ ದಂಡೆತ್ತಿ ಹೋಗುವ ಕಥೆಯೇ ಐರ್ಲೆಂಡಿನ ಮಹಾಗಾಥೆ 'ಟಾನ್ ಬೋ ಕೂಲಿ'. ತುರುಗಾಳಗದ ವೀರಗಲ್ಲುಗಳ ನಾಡಿನವರಿಗೆ ದನಕ್ಕಾಗಿ ಹರಿದ ನೆತ್ತರು ಹೊಸತೆನಿಸದು.

ಈ ಕಥೆಗಳನ್ನೆಲ್ಲ ಚರ್ಮದ ಹಾಳೆಗೆ ಇಳಿಸಿದವರು ಕ್ರೈಸ್ತ ಸಂನ್ಯಾಸಿಗಳು. ಸುಮಾರು 1100ರಲ್ಲಿ ಸಿದ್ಧವಾದ 'ಕಂದುಹಸುವಿನ ಹೊತ್ತಗೆ', 12ನೆಯ ಶತಮಾನದ 'ಲೆನ್‌ಸ್ಟರ್ ಹೊತ್ತಗೆ' ಇವೆರಡೂ ಮಠಗಳ ಕೆಲಸ. ಅವರ ಕೈಯಲ್ಲಿ ದೇವಿಯರು ರಾಣಿಯರಾದರು, ಮಾಟಗಾತಿಯರಾದರು, ಕೆಲವೊಮ್ಮೆ ಸಂತರೂ ಆದರು. ಯಾವುದು ಹಳೆಯ ನಂಬಿಕೆ, ಯಾವುದು ಸಂನ್ಯಾಸಿಯ ಕಲ್ಪನೆ ಎಂದು ಗೆರೆ ಎಳೆಯುವುದು ಕಷ್ಟ. ವಿದ್ವಾಂಸರು ಇಂದಿಗೂ ವಾದ ಮಾಡುತ್ತಿದ್ದಾರೆ. ಆದರೂ ತಮ್ಮ ಧರ್ಮವಲ್ಲದ ಇಷ್ಟೊಂದನ್ನು ಅಷ್ಟು ಪ್ರೀತಿಯಿಂದ ಬರೆದಿಟ್ಟ ಆ ಬೆರಳುಗಳಿಗೆ ನಾವು ಕೈಮುಗಿಯಲೇಬೇಕು.

ಹೀಗೆ ಉಳಿದ ಹೊತ್ತಗೆಗಳಿಗೆ ಭಾರತದ ನಂಟೂ ಉಂಟು. ಡಬ್ಲಿನ್ನಿನಲ್ಲಿ 1830ರಲ್ಲಿ ಹುಟ್ಟಿದ ವಿಟ್ಲಿ ಸ್ಟೋಕ್ಸ್ ವಕೀಲಿಕೆಗೆಂದು 1862ರಲ್ಲಿ ಮದ್ರಾಸಿಗೆ ಬಂದರು. ಮುಂದೆ ವೈಸರಾಯ್ ಮಂಡಲಿಯ ಕಾನೂನು ಸದಸ್ಯರಾಗಿ ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗಳನ್ನು ರೂಪಿಸುವ ಕೆಲಸದಲ್ಲಿದ್ದರು. ಹಗಲು ಕಾಯಿದೆಯ ಕಲಮು ಬರೆದ ಅದೇ ಕೈ ಬಿಡುವಿನಲ್ಲಿ ಹಳೆಯ ಐರಿಷ್ ಹಸ್ತಪ್ರತಿಗಳನ್ನು ಸಂಪಾದಿಸಿತು. 10ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ, ಅರಸನೂ ಬಿಷಪನೂ ಆಗಿದ್ದ ಕಾರ್ಮಕ್ ಮಕ್ ಕುಲೆನನ್‌ನದೆನ್ನುವ ಐರಿಷ್ ಪದಕೋಶ ಸ್ಟೋಕ್ಸರ ಸಂಪಾದನೆಯಲ್ಲಿ ಅಚ್ಚಾದದ್ದು 1868ರಲ್ಲಿ, ಕಲಕತ್ತೆಯಲ್ಲಿ. ಬಾವಿಕಟ್ಟೆಯ ಮುದುಕಿಯ ಕಥೆಯನ್ನು 1903ರಲ್ಲಿ ಇಂಗ್ಲಿಷಿಗೆ ತಂದವರೂ ಅವರೇ.

ನೆಲದ ಒಪ್ಪಿಗೆ ಒಮ್ಮೆ ಸಿಕ್ಕರೆ ಮುಗಿಯಲಿಲ್ಲ, ಅದನ್ನು ದಿನವೂ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳುವ ಬಗೆಗೆ ಐರಿಷರ ಹೆಸರು 'ಅರಸನ ಸತ್ಯ'. ಲುಗೆದ್ ಮಕ್ ಕಾನ್ ಟಾರಾದಲ್ಲಿ ಆಳುತ್ತಿದ್ದಾಗ ರಾಣಿಯ ಹಿತ್ತಲಿನ ಬಣ್ಣದ ಗಿಡಗಳನ್ನು ಯಾರದೋ ಕುರಿಗಳು ಮೇಯ್ದುಬಿಟ್ಟವು. ಬಟ್ಟೆಗೆ ನೀಲಿ ಕಟ್ಟುವ ಬೆಲೆಬಾಳುವ ಗಿಡ ಅದು. ಪರಿಹಾರವಾಗಿ ಕುರಿಗಳೇ ರಾಣಿಗೆ ಸೇರತಕ್ಕದ್ದು ಎಂದು ಅರಸ ತೀರ್ಪಿತ್ತ. ಅಲ್ಲೇ ಇದ್ದ ಹುಡುಗ ಕಾರ್ಮಕ್ (ಪದಕೋಶದ ಕಾರ್ಮಕ್ ಅಲ್ಲ, ಬೇರೊಬ್ಬ) ಇದು ಸರಿಯಲ್ಲ ಎಂದ. ಗಿಡದ ಬೇರು ಹೋಗಿಲ್ಲ, ಎಲೆ ಮಾತ್ರ ಹೋಗಿದೆ, ಅದು ಮತ್ತೆ ಚಿಗುರುತ್ತದೆ. ಕುರಿಯ ಉಣ್ಣೆಯೂ ಮತ್ತೆ ಬೆಳೆಯುತ್ತದೆ. ಹಾಗಾಗಿ ಒಂದು ಕೊಯ್ಲಿಗೆ ಒಂದು ಕತ್ತರಿಕೆ, ಉಣ್ಣೆಯನ್ನಷ್ಟೇ ಕೊಡಿಸಿದರೆ ಸಾಕು. ಹುಡುಗ ಮಾತು ಮುಗಿಸುವಷ್ಟರಲ್ಲಿ ತಪ್ಪು ತೀರ್ಪು ಕೊಟ್ಟ ಆ ಮನೆಯ ಒಂದು ಪಕ್ಕ ಕುಸಿದು ಇಳಿಜಾರಿಗೆ ಜಾರಿತು. ಲುಗೆದ್ ಆಮೇಲೂ ಒಂದು ವರ್ಷ ಗದ್ದುಗೆಯಲ್ಲಿದ್ದ. ಆ ವರ್ಷ ಹುಲ್ಲು ಹುಟ್ಟಲಿಲ್ಲ, ಮರ ಎಲೆ ಬಿಡಲಿಲ್ಲ, ತೆನೆಯಲ್ಲಿ ಕಾಳು ಕಟ್ಟಲಿಲ್ಲ. ಜನ ಅವನನ್ನು ಇಳಿಸಿ ಕಾರ್ಮಕ್‌ನನ್ನು ಕೂರಿಸಿದರು. ಟಾರಾದ ಅಂಚಿನಲ್ಲಿ ಇಳಿಜಾರಿಗೆ ವಾಲಿ ನಿಂತ ಎರಡು ದಿಬ್ಬಗಳನ್ನು ಇಂದಿಗೂ 'ವಾಲಿದ ಅಗಳು' ಎಂದೇ ಕರೆಯುತ್ತಾರೆ.

ವಿಕ್ರಮಾದಿತ್ಯನ ಸಿಂಹಾಸನ ಹುಗಿದಿದ್ದ ದಿಬ್ಬದ ಮೇಲೆ ನಿಂತು ಮಾತಾಡುವವನ ಕಥೆ ಬಲ್ಲವರಿಗೆ ಇದು ತೀರ ಪರಿಚಿತ ಎನಿಸೀತು. ಐರಿಷ್ ವಿದ್ವಾಂಸ ಮೈಲ್ಸ್ ಡಿಲನ್ ಇನ್ನೂ ಆಳಕ್ಕೆ ಹೋದರು. ಭಾರತೀಯ ಕಥೆಗಳ ಸತ್ಯಕ್ರಿಯೆ, ಅಂದರೆ ಆಡಿದ ನಿಜದ ಬಲದಿಂದಲೇ ನದಿ ಹಿಂದಕ್ಕೆ ಹರಿಯುವುದು, ಬೆಂಕಿ ಸುಡದಿರುವುದು, ಐರಿಷರ ಅರಸನ ಸತ್ಯಕ್ಕೆ ಒಡಹುಟ್ಟು ಎಂದು 1947ರಲ್ಲಿ ಬರೆದರು. ಅವರ 'ಕೆಲ್ಟರು ಮತ್ತು ಆರ್ಯರು' ಪುಸ್ತಕ ಅವರು ತೀರಿಕೊಂಡ ಮೇಲೆ, 1975ರಲ್ಲಿ, ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಿಂದ ಹೊರಬಂತು.

ಸತ್ಯ ತಪ್ಪಿದ ಅರಸನ ಪಾಡನ್ನು ಕೊನರಿಯ ಕಥೆಯಷ್ಟು ಭಯಂಕರವಾಗಿ ಯಾವುದೂ ಹೇಳಿಲ್ಲ. ಅವನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ನಾಡು ತುಂಬಿ ತುಳುಕುತ್ತಿತ್ತು. ಒಡನೆ ಬೆಳೆದ ಸಾಕುಸೋದರರು ದರೋಡೆಗೆ ಇಳಿದಾಗ ಅವರ ಮೇಲಿನ ಮೋಹಕ್ಕೆ ತಕ್ಕ ಶಿಕ್ಷೆ ಕೊಡದೆ ಬಿಟ್ಟ. ಅಲ್ಲಿಂದ ಅವನಿಗೆ ವಿಧಿಸಿದ್ದ ಕಟ್ಟಲೆಗಳು ಒಂದೊಂದಾಗಿ ಮುರಿಯುತ್ತ ಹೋದವು. ಹೊತ್ತು ಮುಳುಗಿದ ಮೇಲೆ ಒಂಟಿ ಹೆಂಗಸನ್ನು ಒಳಗೆ ಬಿಡಬಾರದು ಎಂಬುದೊಂದು ಕಟ್ಟಲೆ. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಅವನಿದ್ದ ಮನೆಗೆ ಶತ್ರುಗಳು ಬೆಂಕಿ ಹಚ್ಚಿದರು. ಆರಿಸಲು ಮನೆಯೊಳಗಿನ ನೀರೆಲ್ಲ ಖರ್ಚಾಯಿತು. ಕಾದಾಡಿ ಬಳಲಿದ ಅರಸ ಬಾಯಾರಿ ನೀರು ಕೇಳಿದ. ಬಂಟ ಮಕ್ ಕೆಹ್ತ್ ಬಂಗಾರದ ಬಟ್ಟಲು ಹಿಡಿದು ಐರ್ಲೆಂಡಿನ ಹೊಳೆ ಕೆರೆಗಳನ್ನೆಲ್ಲ ಇರುಳಿಡೀ ಸುತ್ತಿದ. ಒಂದೊಂದು ನೀರೂ ಅವನಿಂದ ಬಚ್ಚಿಟ್ಟುಕೊಂಡಿತು. ಕೊನೆಗೆ ಬಚ್ಚಿಟ್ಟುಕೊಳ್ಳಲಾಗದ ಒಂದು ಚಿಲುಮೆಯಿಂದ ಬಟ್ಟಲು ತುಂಬಿಸಿ ತರುವಾಗ ಶತ್ರುಗಳು ಕೊನರಿಯ ತಲೆ ಕಡಿಯುತ್ತಿದ್ದರು. ಬಂಟ ಆ ಕಡಿದ ತಲೆಯ ಬಾಯಿಗೇ ನೀರು ಹೊಯ್ದ. ತಲೆ ಅವನನ್ನು ಹರಸಿತು. ನಿಯಾಲ್‌ಗೆ ಬಾವಿ ತೆರೆದ ಅದೇ ನೆಲ ಇಲ್ಲಿ ಬಾಗಿಲು ಹಾಕಿಕೊಂಡಿತ್ತು.

ಸತ್ಯದ ಜೊತೆ ಮೈಯೂ ಊನವಿಲ್ಲದ್ದಾಗಿರಬೇಕು. ಯುದ್ಧದಲ್ಲಿ ಕೈ ಕಳೆದುಕೊಂಡ ನೂಅದಾ ಪಟ್ಟ ಬಿಟ್ಟುಕೊಡಬೇಕಾಯಿತು. ಧೃತರಾಷ್ಟ್ರನ ನೆನಪಾದರೆ ತಪ್ಪಿಲ್ಲ. ದೇವವೈದ್ಯ ಬೆಳ್ಳಿಯ ಕೈ ಮಾಡಿ ಕೊಟ್ಟ. ನಡುವೆ ಆಳಿದ ಬ್ರೆಸ್ ರೂಪವಂತ, ಆದರೆ ಅವನ ಮನೆಯಲ್ಲಿ ಉಂಡವರ ಚಾಕುವಿಗೆ ಜಿಡ್ಡು ಹತ್ತುತ್ತಿರಲಿಲ್ಲವಂತೆ. ಒಬ್ಬ ಕವಿಗೆ ಒಣರೊಟ್ಟಿ ಕೊಟ್ಟು ಕತ್ತಲೆ ಗುಡಿಸಲಲ್ಲಿ ಮಲಗಿಸಿದ. ಬೆಳಗ್ಗೆ ಎದ್ದು ಆ ಕವಿ ಕಟ್ಟಿದ ನಿಂದೆಯ ಪದ್ಯದಿಂದಲೇ ಬ್ರೆಸ್‌ನ ಭಾಗ್ಯ ಇಳಿಮುಖವಾಯಿತು.

ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ 1180ರ ದಶಕದಲ್ಲಿ ಬರೆದದ್ದನ್ನು ಇಲ್ಲಿ ಬಿಡುವ ಹಾಗಿಲ್ಲ. ಉತ್ತರದ ಡೊನೆಗಾಲ್ ಕಡೆ ಪಟ್ಟಕ್ಕೇರುವವನು ಜನರೆದುರು ಒಂದು ಬಿಳಿ ಹೆಣ್ಣುಕುದುರೆಯನ್ನು ಕೂಡುತ್ತಾನೆ. ಅದನ್ನು ಕೊಂದು ಬೇಯಿಸುತ್ತಾರೆ. ಆ ಸಾರಿನಲ್ಲಿ ಅರಸ ಕೂತು ಮೀಯುತ್ತಾನೆ, ಜನ ಮಾಂಸ ಹಂಚಿಕೊಂಡು ತಿನ್ನುತ್ತಾರೆ ಎಂದು ಅವನ ವರದಿ. ನಮ್ಮ ಅಶ್ವಮೇಧದಲ್ಲಿ ಗಂಡುಕುದುರೆ, ಅದರ ಬಳಿ ಮಲಗುವವಳು ಪಟ್ಟದರಸಿ. ಇಲ್ಲಿ ಅದು ತಿರುಗುಮುರುಗು. ಈ ಹೋಲಿಕೆಯನ್ನು ವಿದ್ವಾಂಸರು 1920ರ ದಶಕದಿಂದಲೂ ಚರ್ಚಿಸುತ್ತ ಬಂದಿದ್ದಾರೆ. ಐರಿಷರು ಅನಾಗರಿಕರೆಂದು ತೋರಿಸಿ ನಾರ್ಮನ್ನರ ದಾಳಿಯನ್ನು ಸಮರ್ಥಿಸುವ ಉತ್ಸಾಹ ಜೆರಾಲ್ಡನಿಗಿತ್ತು ಎಂಬುದನ್ನು ಮರೆಯದೆ ಅವನನ್ನು ಓದಬೇಕು. ಆದರೂ ಭಾರತದ ಯಜ್ಞಗಳ ಸುಳಿವೇ ಇಲ್ಲದವನು ಅದನ್ನೇ ಹೋಲುವ ಸುಳ್ಳನ್ನು ಹೇಗೆ ಕಟ್ಟಿಯಾನು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕುದುರೆಯ ಮಾತು ಬಂದಾಗ ಮಾಖಾ ನೆನಪಾಗಲೇಬೇಕು. ಹೆಂಡತಿ ಸತ್ತ ರೈತನೊಬ್ಬನ ಮನೆಗೆ ಅವಳು ಎಲ್ಲಿಂದಲೋ ಬಂದಳು. ಮಾತಿಲ್ಲದೆ ಒಳಗೆ ನಡೆದು ಒಲೆ ಹಚ್ಚಿದಳು, ಹಾಲು ಕರೆದಳು, ಬಲಕ್ಕೆ ಒಂದು ಸುತ್ತು ಸುತ್ತಿ ಅವನ ಹಾಸಿಗೆ ಸೇರಿದಳು. ಮನೆ ಹಸನಾಯಿತು. ಜಾತ್ರೆಗೆ ಹೊರಟ ಗಂಡನಿಗೆ ನನ್ನ ಹೆಸರೆತ್ತಬೇಡ ಎಂದಿದ್ದಳು. ಅವನ ಬಾಯಿ ಸುಮ್ಮನಿರಲಿಲ್ಲ. ಅರಸನ ಕುದುರೆಗಳು ಪಂದ್ಯ ಗೆದ್ದಾಗ, ಇವಕ್ಕಿಂತ ನನ್ನ ಹೆಂಡತಿ ಜೋರಾಗಿ ಓಡುತ್ತಾಳೆ ಎಂದುಬಿಟ್ಟ. ಅರಸ ಅವಳನ್ನು ಹಿಡಿದು ತರಿಸಿದ. ದಿನ ತುಂಬಿದೆ, ಹೆತ್ತ ಮೇಲೆ ಓಡುತ್ತೇನೆ ಎಂದು ಬೇಡಿದಳು. ಸುತ್ತ ನಿಂತವರನ್ನು ನೋಡಿ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳಲ್ಲವೇ ಎಂದಳು. ಯಾರೂ ತುಟಿ ಬಿಚ್ಚಲಿಲ್ಲ. ಅವಳು ಓಡಿದಳು, ಕುದುರೆಗಳಿಗಿಂತ ಮುಂದೆ ಗುರಿ ಮುಟ್ಟಿದಳು, ಅಲ್ಲೇ ಕುಸಿದು ಅವಳಿ ಮಕ್ಕಳನ್ನು ಹೆತ್ತಳು. ಆ ಕೂಗು ಕೇಳಿದ ಗಂಡಸರಿಗೆಲ್ಲ ಶಾಪ ತಗುಲಿತು: ಅಲ್‌ಸ್ಟರಿನ ಗಂಡಸರಿಗೆ ಒಂಬತ್ತು ತಲೆಮಾರು, ಅತಿ ಕಷ್ಟದ ಹೊತ್ತಿನಲ್ಲೇ, ಐದು ಹಗಲು ನಾಲ್ಕು ಇರುಳು ಹೆರಿಗೆಯ ಬೇನೆ. ಮೇವ್ ಹೋರಿಗಾಗಿ ದಂಡೆತ್ತಿ ಬಂದಾಗ ಆ ಸೀಮೆಯ ವೀರರೆಲ್ಲ ಹಾಸಿಗೆಯಲ್ಲಿ ನರಳುತ್ತಿದ್ದುದು ಇದರಿಂದಲೇ. ಒಂಟಿಯಾಗಿ ಎದುರು ನಿಂತವನು ಹುಡುಗ ಕೂಹುಲಿನ್ ಒಬ್ಬನೇ.

ಮಾಖಾಳ ಅವಳಿಗಳು ಎಂಬ ಅರ್ಥದ ಎವಿನ್ ಮಾಖಾ ಇಂದಿನ ಉತ್ತರ ಐರ್ಲೆಂಡಿನ ಆರ್ಮಾ ಊರಿನ ಬಳಿ ಇದೆ. ಅಗೆದವರಿಗೆ ಅಲ್ಲಿ ಸಿಕ್ಕಿದ್ದು ಸುಮಾರು 40 ಮೀಟರ್ ಅಗಲದ, ಮರದ ಕಂಬಗಳನ್ನು ಸುತ್ತು ಸುತ್ತಾಗಿ ನೆಟ್ಟ ವೃತ್ತಾಕಾರದ ಕಟ್ಟಡ. ನಟ್ಟನಡುವೆ ಒಂದು ಭಾರಿ ಓಕ್ ಕಂಬ. ಅದರ ಬುಡ ಮಣ್ಣಿನಲ್ಲಿ ಕೊಳೆಯದೆ ಉಳಿದಿತ್ತು. ಮರದ ಉಂಗುರಗಳನ್ನು ಎಣಿಸಿದಾಗ ಕ್ರಿ.ಪೂ. 95ರ ಸುಮಾರಿಗೆ ಕಡಿದದ್ದೆಂದು ಗೊತ್ತಾಯಿತು. ಕಟ್ಟಿದವರು ಅದರಲ್ಲಿ ವಾಸ ಮಾಡಲಿಲ್ಲ. ಒಳಗೆಲ್ಲ ಕಲ್ಲು ತುಂಬಿದರು, ಬೆಂಕಿ ಕೊಟ್ಟರು, ಮೇಲೆ ಹುಲ್ಲುಹೆಂಟೆ ಹೊದಿಸಿ ದಿಬ್ಬ ಮಾಡಿದರು. ಹಾಗೆ ಸುಡಲೆಂದೇ ಕಟ್ಟಿದಂತಿದೆ.

ಆಫಲಿ ಸೀಮೆಯ ಕ್ರೋಗನ್ ಗುಡ್ಡದ ಬುಡದ ಜೌಗುನೆಲದಲ್ಲಿ 2003ರಲ್ಲಿ ಕಾಲುವೆ ತೆಗೆಯುವಾಗ ಮೇಲೆ ಬಂದ ದೇಹವೊಂದು ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ತಲೆಯಿಲ್ಲ, ಸೊಂಟದ ಕೆಳಗಿಲ್ಲ. ಎದೆ ಮತ್ತು ಎರಡು ತೋಳು ಮಾತ್ರ. ಜೌಗಿನ ಹುಳಿ ಚರ್ಮವನ್ನು ಹದ ಮಾಡಿದ ತೊಗಲಿನಂತೆ ಕಂದಾಗಿಸಿದೆ. ಕೈಬೆರಳುಗಳು ನೀಳ, ಉಗುರುಗಳು ದುಡಿದು ಸವೆದವಲ್ಲ, ಒಪ್ಪವಾಗಿ ಕತ್ತರಿಸಿದವು. ಎಡದೋಳಿನಲ್ಲಿ ಹೆಣೆದ ತೊಗಲಿನ ಪಟ್ಟಿ. ಬದುಕಿದ್ದಾಗ ಆರಡಿಗೂ ಎತ್ತರದವನು. ಕೊನೆಯದಾಗಿ ಉಂಡದ್ದು ಧಾನ್ಯ ಮತ್ತು ಮಜ್ಜಿಗೆ. ಸತ್ತು 2,200 ವರ್ಷ ಮೀರಿದೆ. ಇರಿತ ತಡೆಯಲು ಎತ್ತಿದ ತೋಳಿನಲ್ಲಿ ಗಾಯವಿದೆ, ತೋಳುಗಳಲ್ಲಿ ತೂತು ಕೊರೆದು ಹೇಝಲ್ ಗಿಡದ ಬರಲು ಪೋಣಿಸಿದ್ದಾರೆ, ಮೊಲೆತೊಟ್ಟುಗಳನ್ನು ಕೊಯ್ದಂತಿದೆ. ಅರಸನ ಮೊಲೆತೊಟ್ಟು ಚೀಪುವುದು ಶರಣಾಗತಿಯ ರೀತಿಯಾಗಿತ್ತು, ಅದನ್ನು ಕಳೆದುಕೊಂಡವನು ಮತ್ತೆ ಅರಸನಾಗಲಾರ ಎಂಬುದೊಂದು ವಿವರಣೆ. ಬರಗಾಲಕ್ಕೆ ಹೊಣೆಯಾದ ದೊರೆಗಳನ್ನು ಹೀಗೆ ರಾಜ್ಯದ ಗಡಿಯಲ್ಲಿ ನೆಲದ ದೇವಿಗೆ ಒಪ್ಪಿಸುತ್ತಿದ್ದರು ಎಂದು ಪುರಾತತ್ವಜ್ಞ ಏಮನ್ ಕೆಲ್ಲಿ ವಾದಿಸಿದರು. ತೊಟ್ಟು ಹೋದದ್ದು ಜೌಗಿನಲ್ಲಿ ಕೊಳೆತೇ ಇರಬಹುದೆಂದು ಆಕ್ಷೇಪಿಸಿದವರೂ ಉಂಟು. ವಾದ ಯಾರ ಕಡೆಗೆ ವಾಲಿದರೂ ಆ ಉಗುರುಗಳು ಮನಸ್ಸಿನಿಂದ ಮಾಸುವುದಿಲ್ಲ.

ದೇವಿಯರೆಲ್ಲ ಅರಸರಿಗಾಗಿಯೇ ಇದ್ದವರಲ್ಲ. ಬೋವನ್‌ಗೆ ತಿಳಿಯುವ ಹಂಬಲವಿತ್ತು. ಅವಳ ಹೆಸರಿನ ಮೊದಲ ಪಾಲು 'ಬೋ' ಎಂದರೆ ಹಸು, ನಮ್ಮ 'ಗೋ' ಪದದ ದಾಯಾದಿ. ಇಡೀ ಹೆಸರಿಗೆ ಬಿಳಿಯಾಕಳು ಎಂದರ್ಥ. ಗಂಡ ನೆಹ್ತನ್ ಕಾಯುತ್ತಿದ್ದ ಅರಿವಿನ ಬಾವಿಯ ಹತ್ತಿರ ಬೇರೆಯವರು ಸುಳಿಯುವಂತಿರಲಿಲ್ಲ. ಬೋವನ್ ಹೋದಳು, ಅದೂ ಬಾವಿಯನ್ನು ಮೂರು ಬಾರಿ ಎಡಸುತ್ತು ಬಂದಳು. ಬಲವೆಂದರೂ ತೆಂಕಣವೆಂದರೂ ಐರಿಷ್‌ನಲ್ಲಿ ಒಂದೇ ಪದ, 'ದೆಸ್'. ಸಂಸ್ಕೃತದ 'ದಕ್ಷಿಣ'ಕ್ಕೂ ಅವೇ ಎರಡು ಅರ್ಥ, ಎರಡರ ಬೇರೂ ಒಂದೇ. ಬಲಬಂದರೆ ಶುಭ, ಎಡಸುತ್ತಿದರೆ ಕೇಡು ಎಂಬುದು ಅವರಿಗೂ ಗೊತ್ತಿತ್ತು. ಬಾವಿ ಉಕ್ಕಿ ಅವಳನ್ನು ಕಡಲಿನ ತನಕ ಅಟ್ಟಿಕೊಂಡು ಹೋಯಿತು, ಅವಳ ಜೀವ ತೆಗೆದುಕೊಂಡಿತು. ಹಾಗೆ ಹರಿದದ್ದೇ ಇಂದಿನ ಬಾಯ್ನ್ ನದಿ. ಆ ನದಿಯ ದಂಡೆಯ ನ್ಯೂಗ್ರೇಂಜ್ ಸಮಾಧಿಗೆ 5,200 ವರ್ಷ. ಡಿಸೆಂಬರಿನಲ್ಲಿ ಹಗಲು ಅತಿ ಗಿಡ್ಡವಾಗುವ ದಿನಗಳಂದು ಬೆಳಗಿನ ಬಿಸಿಲು ಬಾಗಿಲ ಮೇಲಿನ ಕಿಂಡಿಯಿಂದ ನುಗ್ಗಿ, 19 ಮೀಟರ್ ಉದ್ದದ ಓಣಿಯಲ್ಲಿ ತೆವಳಿ, ಒಳಗೋಣೆಯನ್ನು ಸುಮಾರು 17 ನಿಮಿಷ ಬೆಳಗುತ್ತದೆ.

ದೇಶಕ್ಕೆ ಇಂದಿಗೂ ಹೆಸರಾಗಿ ಉಳಿದವಳು ಏರಿಯು. ಕಡಲು ದಾಟಿ ಬಂದವರಿಗೆ ಬನ್ಬಾ, ಫೋದ್ಲಾ, ಏರಿಯು ಎಂಬ ಮೂವರು ಅಕ್ಕತಂಗಿಯರು ಒಬ್ಬೊಬ್ಬರಾಗಿ ಎದುರಾದರು. ಈ ದ್ವೀಪಕ್ಕೆ ನನ್ನ ಹೆಸರಿಡಿ ಎಂದು ಒಬ್ಬೊಬ್ಬಳೂ ಕೇಳಿದಳು. ಬಂದವರ ಕವಿ ಅವರ್ಗಿನ್ ಒಪ್ಪಿದ. ಗೆದ್ದವರು ಸೋತವರ ನಾಡಿಗೆ ಹೊಸ ಹೆಸರು ತರುವುದೇ ಲೋಕರೂಢಿ. ಇಲ್ಲಿ ಬಂದವರು ನೆಲದ ಹೆಸರನ್ನೇ ಹೊತ್ತರು. ಇಂದಿನ ಏರಾ ಎಂಬ ಹೆಸರು ಏರಿಯುವಿನದೇ. ಇಂಗ್ಲಿಷರ ಆಳ್ವಿಕೆಯಲ್ಲಿ ಕವಿಗಳು ಅವಳನ್ನು ಗಂಡನಿಲ್ಲದೆ ಅಲೆಯುವ ಹೆಣ್ಣಾಗಿ ಹಾಡಿದರು. ಯೇಟ್ಸ್ ಮತ್ತು ಲೇಡಿ ಗ್ರೆಗರಿ ಕೂಡಿ ಬರೆದ 'ಕ್ಯಾಥ್ಲೀನ್ ನಿ ಹೂಲಿಹಾನ್' ನಾಟಕ 1902ರಲ್ಲಿ ರಂಗಕ್ಕೆ ಬಂದಾಗ, ಮನೆಬಾಗಿಲಿಗೆ ಬಂದ ಮುದುಕಿಯ ಹಿಂದೆ ಮದುಮಗ ಹೋರಾಟಕ್ಕೆ ಹೊರಟುಹೋಗುತ್ತಾನೆ, ಮುದುಕಿ ಮತ್ತೆ ಹರೆಯದವಳಾಗುತ್ತಾಳೆ. ಬಾವಿಕಟ್ಟೆಯ ಮುದುಕಿಯೇ ಇವಳು, ಆದರೆ ಮುತ್ತಿನ ಬದಲು ಪ್ರಾಣ ಕೇಳುತ್ತಿದ್ದಾಳೆ. ಈ ಬದಲಾವಣೆ ನನಗೆ ಹಿತವೆನಿಸಿಲ್ಲ.

ಮನೆಮನೆಯಲ್ಲಿ ಉಳಿದವಳು ಬ್ರಿಜಿಡ್. ಕಲಕತ್ತೆಯಲ್ಲಿ ಅಚ್ಚಾದ ಆ ಪದಕೋಶದ ಪ್ರಕಾರ ಅವಳು ಕವಿಗಳು ಪೂಜಿಸುತ್ತಿದ್ದ ದೇವಿ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳದು ವೈದ್ಯ, ಇನ್ನೊಬ್ಬಳದು ಕಮ್ಮಾರಿಕೆ. ಹೆಸರಿನ ಅರ್ಥ ಎತ್ತರದವಳು, ಸಂಸ್ಕೃತದ 'ಬೃಹತೀ'ಗೆ ನೇರ ಸಂಬಂಧಿ. ಕಿಲ್ಡೇರ್ ಎಂಬ ಓಕ್ ಮರದ ಚರ್ಚಿನಲ್ಲಿ ಅದೇ ಹೆಸರಿನ ಸಂತಳೊಬ್ಬಳು ನೆಲೆಸಿದಳು; ದೇವಿ ಎಲ್ಲಿ ಮುಗಿದಳು, ಸಂತ ಎಲ್ಲಿ ಶುರುವಾದಳು ಎಂದು ಬಿಡಿಸಲು ಬರುವುದಿಲ್ಲ. ಅಲ್ಲಿ ಆರದ ಬೆಂಕಿಯೊಂದನ್ನು 19 ಸಂನ್ಯಾಸಿನಿಯರು ಸರದಿಯ ಮೇಲೆ ಕಾಯುತ್ತಿದ್ದರು. 20ನೆಯ ರಾತ್ರಿ ಸೌದೆಯನ್ನು ಪಕ್ಕದಲ್ಲಿಟ್ಟು, ಬ್ರಿಜಿಡ್, ಇಂದು ನಿನ್ನ ಸರದಿ ಎಂದು ಹೇಳಿ ಎದ್ದು ಹೋಗುತ್ತಿದ್ದರು. ಬೆಳಗ್ಗೆ ಸೌದೆ ಉರಿದಿರುತ್ತಿತ್ತು, ಬೆಂಕಿ ಆರಿರುತ್ತಿರಲಿಲ್ಲ. ಐರ್ಲೆಂಡ್ 2023ರಿಂದ ಅವಳ ಹೆಸರಿನಲ್ಲಿ ಫೆಬ್ರುವರಿ ಮೊದಲಲ್ಲಿ ಸರ್ಕಾರಿ ರಜೆ ಕೊಡುತ್ತಿದೆ.

ಜನವರಿ 31ರ ಸಂಜೆ ಹಳೆಯ ಪದ್ಧತಿ ಬಿಡದ ಮನೆಗಳಲ್ಲಿ ಒಂದು ತುಂಡು ಬಟ್ಟೆಯನ್ನು ಬೇಲಿಯ ಮೇಲೋ ಕಿಟಕಿಯ ಹೊರಗೋ ಹಾಕಿ ಮಲಗುತ್ತಾರೆ. ಆ ರಾತ್ರಿ ಬ್ರಿಜಿಡ್ ನಾಡಿನ ಮೇಲೆ ಹಾದುಹೋಗುತ್ತಾಳೆ, ಹೋಗುವಾಗ ಬಟ್ಟೆಯನ್ನು ಮುಟ್ಟುತ್ತಾಳೆ. ಬೆಳಗ್ಗೆ ಅದನ್ನು ಇಬ್ಬನಿಯ ಒದ್ದೆಯೊಂದಿಗೇ ಒಳಗೆ ತಂದು ಮಡಿಸಿಡುತ್ತಾರೆ. ವರ್ಷವಿಡೀ ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೆ, ಹಸು ಕರು ಹಾಕಲು ಕಷ್ಟಪಟ್ಟರೆ, ಅದನ್ನೇ ತಂದು ಹೊದಿಸುತ್ತಾರೆ.